ಪ್ಲಗ್ಗಿನ ಬಣ್ಣ

"ಬುದ್ಧಿ, ನಾನು ಮಠಕ್ಕೆ ಲಾಯಕ್ಕಿಲ್ಲವೇ?" ಎಂದು ಶಿಷ್ಯ ಗುರುಮಲ್ಲ ಕೇಳಿದ.

ಅವನು ಮಠಕ್ಕೆ ಬಂದು ಎಂಟು ತಿಂಗಳಾಗಿತ್ತು. ಹಿರಿಯರಾದ ರಾಚಯ್ಯನವರು ದಿನಕ್ಕೆ ಒಂದೇ ಹೊತ್ತು ಊಟ ಮಾಡುತ್ತಾರೆಂದು ಇವನೂ ಒಂದೇ ಹೊತ್ತು ಉಣ್ಣುತ್ತಿದ್ದ. ಸಿದ್ದಯ್ಯನವರು ಮೂರು ಗಂಟೆಗೆ ಎದ್ದು ಜಪಕ್ಕೆ ಕೂರುತ್ತಾರೆಂದು ಇವನೂ ಮೂರಕ್ಕೇ ಏಳುತ್ತಿದ್ದ. ಈಗ ಜಪಕ್ಕೆ ಕುಳಿತರೆ ತಲೆ ಸುತ್ತುತ್ತಿತ್ತು, ಎದ್ದರೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಮರುದಿನದ ಬಸ್ಸಿಗೆ ಊರಿಗೆ ಹೊರಟುಬಿಡೋಣವೆಂದು ಚೀಲ ಕಟ್ಟಿ ಇಟ್ಟಿದ್ದ.

ಗುರುಗಳು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. "ಚೀಲ ಕಟ್ಟಿದ ಮೇಲೆ ನನ್ನನ್ನೇನು ಕೇಳುತ್ತೀಯ? ಇರಲಿ, ಬಸ್ಸು ಬರುವುದು ನಾಳೆ ತಾನೇ. ಕೂತುಕೋ" ಎಂದು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೂವಿನವನಿದ್ದ. ದಿನಾ ಬೆಳಿಗ್ಗೆ ಎರಡು ಬುಟ್ಟಿ ಹೂವನ್ನು ಬೈಕಿಗೆ ಕಟ್ಟಿಕೊಂಡು ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಒಯ್ಯುತ್ತಿದ್ದ. ಅವನಪ್ಪ ತಲೆಯ ಮೇಲೆ ಹೊತ್ತು ಮಾಡಿಕೊಂಡು ಬಂದಿದ್ದ ಕೆಲಸ ಅದು. ಒಂದು ದಿನ ಅರ್ಚಕರು ಅವನನ್ನು ಕರೆದರು. "ಸೋಮವಾರದಿಂದ ಕಾರ್ತಿಕ. ಬಾಗಿಲು ಅರ್ಧ ಗಂಟೆ ಮುಂಚೆ ತೆಗೆಯುತ್ತೇವೆ. ಅಷ್ಟರೊಳಗೆ ಹೂವು ಬಾರದಿದ್ದರೆ ಬೇರೆಯವರಿಗೆ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ" ಎಂದರು.

ಹೂವಿನವನು ಲೆಕ್ಕ ಹಾಕಿದ. ಹೂವು ಬಿಡಿಸುವುದೇ ನಸುಕಿನಲ್ಲಿ, ಬೇಗ ಹೊರಡುವ ಹಾಗಿಲ್ಲ. ಬೈಕೋ, ಕೊನೆಯ ನಾಲ್ಕು ತಿರುವುಗಳಲ್ಲಿ ಏದುಸಿರು ಬಿಡುತ್ತಿತ್ತು. ಇಳಿದು ತಳ್ಳಬೇಕಾಗುತ್ತಿತ್ತು.

ಪಟ್ಟಣಕ್ಕೆ ಹೋಗಿ ಮೂರು ಸಾಮಾನು ತಂದ. ಹೊಗೆ ಸಲೀಸಾಗಿ ಹೊರಗೆ ಹೋಗುವಂಥ ಸೈಲೆನ್ಸರ್. ಗಾಳಿಯನ್ನು ಹೆಚ್ಚಾಗಿ ಒಳಗೆ ಬಿಡುವ ಫಿಲ್ಟರ್. ಪೆಟ್ರೋಲು ಎಷ್ಟು ಬೇಕೆಂದು ಎಂಜಿನ್‌ಗೆ ಹೇಳುವ ಪುಟ್ಟ ಪೆಟ್ಟಿಗೆ, ಅದಕ್ಕೆ ಟ್ಯೂನರ್ ಅನ್ನುತ್ತಾರೆ. ಸ್ವಾಮಿಗೆ ಇದೆಲ್ಲ ಹೇಗೆ ಗೊತ್ತು ಅಂತ ನಗಬೇಡ. ನಾನೇನು ಹುಟ್ಟುವಾಗಲೇ ಕಾವಿ ಉಟ್ಟುಕೊಂಡು ಬಂದವನಲ್ಲ.

ಶುಕ್ರವಾರ ಅಂಗಳದಲ್ಲಿ ಗೋಣಿಚೀಲ ಹಾಸಿ ಸ್ಪ್ಯಾನರು ಹಿಡಿದು ಕುಳಿತ. ಮೆಕ್ಯಾನಿಕ್ಕನ್ನು ಕರೆಯಲಿಲ್ಲ. ಹಳೆಯ ಸೈಲೆನ್ಸರಿನ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು, ಒಂದಿಷ್ಟು ಬೈದು, ಒಂದಿಷ್ಟು ಪುಸಲಾಯಿಸಿ ಬಿಚ್ಚಿದ. ಬಿಚ್ಚಿದ ನಟ್ಟುಗಳನ್ನು ಅದೇ ಕ್ರಮದಲ್ಲಿ ಹೂವಿನ ದಾರಕ್ಕೆ ಪೋಣಿಸಿಟ್ಟ. ಹೊಸದನ್ನೆಲ್ಲ ಕೂರಿಸಿ ಮುಗಿಸಿದಾಗ ಒಂದು ನಟ್ಟೂ ಕಳೆದಿರಲಿಲ್ಲ, ಒಂದೂ ಮಿಕ್ಕಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಆ ಪೆಟ್ಟಿಗೆಗೆ ಸೆಟ್ಟಿಂಗು ತುಂಬಬೇಕು. ಗೆದ್ದವನನ್ನೇ ಕೇಳಬೇಕು ಅಂದುಕೊಂಡ. ಪಟ್ಟಣದಲ್ಲಿ ರೇಸಿಗೆ ಹೋಗಿ ಮೂರು ಕಪ್ ಗೆದ್ದು ತಂದವನೊಬ್ಬನಿದ್ದ. ಫೋನು ಮಾಡಿದರೆ ಪಾಪ, ಧಾರಾಳವಾಗಿ ತನ್ನ ಬೈಕಿನ ಸೆಟ್ಟಿಂಗನ್ನೇ ಕಳಿಸಿಕೊಟ್ಟ. ನಮ್ಮವನು ಒಂದಂಕಿಯೂ ತಪ್ಪದಂತೆ ಅದನ್ನೇ ತುಂಬಿದ.

ಶನಿವಾರ ಬೈಕಿನ ಸದ್ದಿಗೆ ಬೀದಿಗೆ ಬೀದಿಯೇ ಎದ್ದು ಹೊರಗೆ ಬಂತು. ಹೂವಿನವನು ಮದುವಣಿಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟ. ಬೆಟ್ಟದಲ್ಲಿ ಬೈಕು ಕಾದು ಕೆಂಡವಾಯಿತು, ಪಟಪಟ ಸಿಡಿಯಿತು, ಮೂರನೆಯ ತಿರುವಿನಲ್ಲಿ ನಿಂತೇ ಹೋಯಿತು. ತಳ್ಳಿಕೊಂಡು ಮೇಲೆ ಹೋದ. ಹಿಂದೆಂದೂ ಅಷ್ಟು ತಡವಾಗಿರಲಿಲ್ಲ.

ಸಂಜೆ ಇನ್ನೊಬ್ಬನನ್ನು ಕೇಳಿದ. ಇವನು ಬೈಕಿನಲ್ಲಿ ದೇಶವನ್ನೆಲ್ಲ ಸುತ್ತಿದವನು. ಇವನೂ ತನ್ನದನ್ನು ಕೊಟ್ಟ. ಅದನ್ನು ತುಂಬಿದ್ದಕ್ಕೆ ಭಾನುವಾರ ಬೈಕು ಕಪ್ಪು ಹೊಗೆ ಉಗುಳಿ, ಕೆಮ್ಮಿ, ಬೆಟ್ಟದ ಬುಡದಲ್ಲೇ ನಿಂತುಬಿಟ್ಟಿತು. ಅದೃಷ್ಟಕ್ಕೆ ಒಂದು ಜೀಪು ಸಿಕ್ಕಿತು. ಹೂವನ್ನು ಅದರಲ್ಲಿ ಕಳಿಸಿ, ಅವನು ರಸ್ತೆಯ ಪಕ್ಕ ಕುಳಿತ. ನಾಳೆ ಸೋಮವಾರ. ಅಪ್ಪನ ಕೆಲಸ ತನ್ನ ಕಾಲಕ್ಕೆ ಕೈ ಬಿಟ್ಟುಹೋಗುತ್ತದಲ್ಲ ಎಂದು ಅವನಿಗೆ ಅಳುವೇ ಬಂತು. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ, ಬೈಕನ್ನು ಮಾರಿಬಿಡುತ್ತೇನೆ ಅಂದುಕೊಂಡ.

ಅಲ್ಲೊಂದು ಪಂಕ್ಚರ್ ಅಂಗಡಿಯಿತ್ತು. ಅಂಗಡಿಯ ಹೆಂಗಸು ಅವನ ಕತೆಯನ್ನೆಲ್ಲ ಕೇಳಿಸಿಕೊಂಡು, "ಪ್ಲಗ್ಗು ಯಾವ ಬಣ್ಣ ಇದೆಯಪ್ಪ?" ಅಂದಳು.

"ಪ್ಲಗ್ಗು ಹೊಸದು ಕಣಕ್ಕ, ಹೋದ ತಿಂಗಳು ಹಾಕಿದ್ದು."

"ನಾನು ವಯಸ್ಸು ಕೇಳಲಿಲ್ಲ, ಬಣ್ಣ ಕೇಳಿದೆ."

ಎಂಜಿನ್‌ನೊಳಗೆ ಕಿಡಿ ಹಾರಿಸುವ ಆ ಪ್ಲಗ್ಗನ್ನು ಬಿಚ್ಚಿ ನೋಡಿದರೆ ತುದಿಯೆಲ್ಲ ಮಸಿ. "ಪೆಟ್ರೋಲು ಹೆಚ್ಚಾಗಿದೆ. ಕಡಿಮೆಯಾದರೆ ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತದೆ. ನಿನ್ನೆ ನೋಡಿದ್ದರೆ ಅದೂ ಕಾಣುತ್ತಿತ್ತು. ಹಾಲು ಬೆರೆಸಿದ ಕಾಫಿಯ ಬಣ್ಣ ಬರುವ ತನಕ ಬಿಡಬೇಡ" ಎಂದಳು.

ಹೂವಿನಷ್ಟೇ ತೂಕದ ಮರಳನ್ನು ಬುಟ್ಟಿಗಳಿಗೆ ತುಂಬಿಕೊಂಡ. ಪೆಟ್ಟಿಗೆಯ ಗುಂಡಿ ಒತ್ತಿ ಪೆಟ್ರೋಲನ್ನು ಚೂರು ಕಡಿಮೆ ಮಾಡುವುದು, ಬೆಟ್ಟ ಹತ್ತುವುದು, ಪ್ಲಗ್ಗು ಬಿಚ್ಚಿ ನೋಡುವುದು. ಅತಿಯಾಗಿ ಕಡಿಮೆಯಾದರೆ ಮತ್ತೆ ಚೂರು ಹೆಚ್ಚು ಮಾಡುವುದು. ಹನ್ನೊಂದು ಸಲ ಹತ್ತಿ ಇಳಿದ. ಬೆರಳು ಸುಟ್ಟುಕೊಂಡ. "ಭಾನುವಾರವೂ ದೇವರಿಗೆ ನಿನ್ನ ಕಾಟ ತಪ್ಪಲಿಲ್ಲ ನೋಡು" ಎಂದು ಆ ಹೆಂಗಸು ನಕ್ಕಳು. ಹೊತ್ತು ಮುಳುಗುವ ಮೊದಲು ಪ್ಲಗ್ಗು ಕಾಫಿಯ ಬಣ್ಣಕ್ಕೆ ಬಂತು. ಅವನಿಗಾದ ಸಂತೋಷಕ್ಕೆ ಆ ಪ್ಲಗ್ಗನ್ನು ಅವಳಿಗೂ ತೋರಿಸಿದ, ಅಲ್ಲಿ ನಿಂತಿದ್ದ ಲಾರಿಯವನಿಗೂ ತೋರಿಸಿದ. ಲಾರಿಯವನಿಗೆ ಏನೂ ಅರ್ಥವಾಗಲಿಲ್ಲ.

ಸೋಮವಾರ ಬೈಕು ಎಲ್ಲಿಯೂ ನಿಲ್ಲದೆ ಬೆಟ್ಟ ಹತ್ತಿತು. ಅರ್ಚಕರು ಬೀಗದ ಕೈ ಹಿಡಿದು ಬಂದಾಗ ಹೂವಿನವನು ಮೆಟ್ಟಿಲ ಮೇಲೆ ಕುಳಿತು ಹೂವಿಗೆ ನೀರು ಚಿಮುಕಿಸುತ್ತಿದ್ದ. ಕೆಲಸ ಉಳಿಯಿತು. ಈಗಲೂ ಆ ದೇವಸ್ಥಾನಕ್ಕೆ ಹೂವು ಒಯ್ಯುವವನು ಅವನೇ.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡರು. ಗುರುಮಲ್ಲನಿಗೆ ಕತೆ ಬಹಳ ಹಿಡಿಸಿತ್ತು. ಅವನು ಮುಂದಕ್ಕೆ ಸರಿದು, "ಕೊನೆಗೆ ಅವನು ಪೆಟ್ರೋಲು ಎಷ್ಟಕ್ಕೆ ಇಟ್ಟ ಬುದ್ಧಿ?" ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಅದು ಹಾಗಿರಲಿ ಮಗ, ನಿನಗೆ ಹಸಿವಾಗಿ ಎಷ್ಟು ಹೊತ್ತಾಯಿತು?"