ಎರೆಹುಳುವಿನ ಮಾತು ನಿಂತದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹಳ್ಳಗಳಿಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಆಗ ಎರೆಹುಳುವಿಗೆ ಎರಡು ಕಣ್ಣಿದ್ದವು. ಬಾಯಿ ತುಂಬ ಹಲ್ಲಿದ್ದವು. ಮಾತೂ ಇತ್ತು, ಅದೂ ಎಂಥ ಮಾತು! ಬೆಳಗಾದರೆ ಶುರು, ಹೊತ್ತು ಮುಳುಗಿದರೂ ಮುಗಿಯದು.

ಎಲ್ಲರೂ ಅವಳನ್ನು ಎರೆವ್ವ ಎನ್ನುತ್ತಿದ್ದರು. ಅವಳು ಭೂಮಿತಾಯಿಗೆ ಒಂದು ಮಾತು ಕೊಟ್ಟಿದ್ದಳು. "ನಿನ್ನಿಂದ ಬಂದದ್ದನ್ನೆಲ್ಲಾ ತಿಂದು, ಮತ್ತ ನಿನಗs ಮುಟ್ಟಸತೀನಿ."

ಒಣಗಿದ ಎಲೆ, ಬದನೆಕಾಯಿಯ ತೊಟ್ಟು, ಹರಿದ ಚಾಪೆ, ಒಡೆದ ಸೋರೆಬುರುಡೆ, ಊರವರು ಏನು ಬಿಸಾಡಿದರೂ ಎರೆವ್ವ ತಿನ್ನುತ್ತಿದ್ದಳು. ತಿಂದ ಜಾಗದಲ್ಲಿ ಬೆಣ್ಣೆಯಂಥ ಕರಿಮಣ್ಣು ಉಳಿಯುತ್ತಿತ್ತು.

ಅವಳಿದ್ದದ್ದು ಮೊಸರು ಮಾರುವ ಬಾಳವ್ವನ ಹಿತ್ತಲ ತಿಪ್ಪೆಯಲ್ಲಿ. ಊರ ಕಸವೆಲ್ಲ ಅಲ್ಲಿಗೇ ಬೀಳುತ್ತಿತ್ತು. ಬಾಳವ್ವ ಒಂಟಿ ಹೆಂಗಸು. ಮಾತಿಗೆ ಅವಳಿಗೆ ಬೇರೆ ಯಾರೂ ಇರಲಿಲ್ಲ. ಸಂಜೆ ಮೊಸರಿನ ಬುರುಡೆ ತೊಳೆದಿಟ್ಟು ತಿಪ್ಪೆಯ ಪಕ್ಕ ಕೂತರೆ, ಇಬ್ಬರೂ ಊರ ಸುದ್ದಿಯನ್ನೆಲ್ಲ ಅರೆದು ಕುಡಿಯುತ್ತಿದ್ದರು. ಆ ಮಾತಿಗಾಗಿಯೇ ಬಾಳವ್ವ ದಿನವಿಡೀ ಕಾಯುತ್ತಿದ್ದಳು.

ಆ ಕಾಲದಲ್ಲಿ ಮೊಸರಿಗೆ ಬರುವವರು ತಮ್ಮ ತಮ್ಮ ಸೋರೆಬುರುಡೆ ತರುತ್ತಿದ್ದರು. ತರದಿದ್ದರೆ ಮೊಸರಿಲ್ಲ. ಅದರಲ್ಲಿ ದೊಡ್ಡಸ್ತಿಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಒಂದು ದಿನ ಗಿರೆವ್ವ ಎಂಬ ಹೆಂಗಸು ಹೊಲದಿಂದ ಬರಿಗೈ ಬೀಸುತ್ತ ಬಂದಳು. "ಮನಿಗೆ ಹೋಗಿ ಬುರುಡಿ ತರೂದ್ರಾಗ ಜೀವಾನs ಹೋಗತೈತಿ. ನಿನ್ನ ಮೊಸರು ನೀನs ಇಟ್ಕೊ" ಎಂದು ಹೊರಟೇಹೋದಳು. ಆ ಮೊಸರು ಹುಳಿಯಾಯಿತು. ಬಾಳವ್ವನ ತಲೆಯಲ್ಲಿ ಒಂದು ಹುಳ ಹೊಕ್ಕಿತು.

ಹಳ್ಳದ ದಂಡೆಯ ಜೇಡಿಮಣ್ಣು ತಂದು ಪುಟ್ಟ ಪುಟ್ಟ ಕುಡಿಕೆ ಮಾಡಿದಳು. ಒಣಗಿಸಿ ಬೆಂಕಿಯ ಹತ್ತಿರ ಒಯ್ದಳು.

"ಸುಡತೀನಿ" ಅಂದಿತು ಬೆಂಕಿ. "ಆದ್ರ ನಾ ಸುಟ್ಟ ಮಣ್ಣು ಮತ್ತ ಮಣ್ಣಾಗಂಗಿಲ್ಲ, ಬಾಳವ್ವಾ."

"ಮಣ್ಣಿಂದನs ಮಾಡೇನಿ. ಮಣ್ಣಿಗೇ ಹೋಗತೈತಿ ತಗೋ" ಅಂದಳು ಬಾಳವ್ವ. ಬೆಂಕಿಗೆ ಎರಡು ಸಲ ಹೇಳಿ ಅಭ್ಯಾಸವಿಲ್ಲ. ಸುಟ್ಟು ಕೊಟ್ಟಿತು.

ಊರಿಗೆ ಊರೇ ಕುಣಿಯಿತು. ಬರಿಗೈಲಿ ಬರುವುದು, ಕುಡಿಕೆಯಲ್ಲಿ ಮೊಸರು ಒಯ್ಯುವುದು, ಉಂಡು ಬಿಸಾಡುವುದು. "ಬಾಳವ್ವನ ಶಾಣ್ಯಾತನ ಯಾರಿಗೈತಿ!" ಎಂದರು ಎಲ್ಲರೂ. ಬಾಳವ್ವ ಉಬ್ಬಿದಳು. ಹೊಗಳಿಕೆ ಅನ್ನುವುದು ಯಾರನ್ನು ಬಿಟ್ಟಿದೆ?

ಒಂದು ಸಂಜೆ ತಿಪ್ಪೆಯಲ್ಲಿ ಕಟ್ ಎಂದಿತು. ಎರೆವ್ವನ ಹಲ್ಲು ಮುರಿದಿತ್ತು.

"ಬಾಳವ್ವಾ, ಏನಿದು? ಮಣ್ಣಿನಂಗ ಕಾಣತೈತಿ, ಮಣ್ಣಿನಂಗ ಕರಗವಲ್ದು."

"ಅದನ್ನ ಬಿಡು. ಬ್ಯಾರೆ ಏನರೆ ತಿನ್ನು."

"ಹೆಂಗ ಬಿಡ್ಲಿ? ಭೂಮಿಯಿಂದ ಬಂದದ್ದು ಹೌದಲ್ಲೋ? ಮಾತು ಕೊಟ್ಟೇನಿ."

ಬಾಳವ್ವನಿಗೆ ಕೆಡುಕೆನಿಸಿತು. "ಈ ಸಂತಿ ಒಂದು ಮುಗೀಲಿ ಎರೆವ್ವಾ. ಆಮ್ಯಾಲೆ ನಿಲ್ಲಸತೀನಿ" ಅಂದಳು.

ಸಂತೆ ಮುಗಿಯಿತು. ಇನ್ನೊಂದು ಹಲ್ಲು ಹೋಯಿತು. "ಬರೂ ಸಂತಿ ಮುಗೀಲಿ" ಅಂದಳು ಬಾಳವ್ವ. ಆ ಸಂತೆಯೂ ಮುಗಿಯಿತು. ಮತ್ತೊಂದು ಹಲ್ಲು ಹೋಯಿತು. ಸಂತೆಗಳಿಗೇನು ಕೊನೆಯೇ? ಹಲ್ಲುಗಳಿಗೆ ಕೊನೆಯಿತ್ತು.

ಹಲ್ಲು ಹೋದ ಮೇಲೆ ಎರೆವ್ವ ಚೂರುಗಳ ನಡುವೆ ಮುಖ ತೂರಿಸಿ, ಎಲ್ಲಾದರೂ ಒಂದು ಮೆತ್ತನೆಯ ತುತ್ತು ಸಿಕ್ಕೀತೇ ಎಂದು ಹುಡುಕತೊಡಗಿದಳು. ಚೂರುಗಳ ಅಂಚು ಹರಿತವಾಗಿತ್ತು.

ಒಂದು ದಿನ ನೆತ್ತಿಯ ಮೇಲೆ ಸೂರ್ಯ ಸುಡುತ್ತಿದ್ದಾಗ ಅವಳು ಕೇಳಿದಳು, "ಬಾಳವ್ವಾ, ಇವತ್ತ್ಯಾಕ ಇನ್ನೂ ಬೆಳಗಾಗವಲ್ದು?"

ಬಾಳವ್ವ ಒಳಗೆ ಓಡಿ, ಉಳಿದ ಕುಡಿಕೆಗಳನ್ನು ಒಡೆಯಲು ಕೈಯೆತ್ತಿದಳು. ಒಡೆದರೆ ಮತ್ತಷ್ಟು ಚೂರು. ಎತ್ತಿದ ಕೈ ಇಳಿಸಿದಳು.

ಬುಟ್ಟಿ ತುಂಬ ಚೂರು ಹೊತ್ತು ಹಳ್ಳಕ್ಕೆ ಹೋದಳು. "ಇವನ್ನ ಒಯ್ಯಪ್ಪಾ" ಎಂದು ಬೇಡಿದಳು.

"ಒಯ್ದು ಎಲ್ಲಿ ಇಡ್ಲಿ?" ಅಂದಿತು ಹಳ್ಳ. "ಮುಂದಿನ ಊರವರ ಕಾಲಾಗ ಚುಚ್ಚಲೇನು?"

ಬುಟ್ಟಿ ಹೊತ್ತು ತಿರುಗಿ ಬಂದಳು. ಮರುದಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದಳು, "ಇನ್ನ ಕುಡಿಕಿ ಇಲ್ರೆವ್ವಾ. ನಿಮ್ಮ ನಿಮ್ಮ ಬುರುಡಿ ತರ್ರಿ."

ಮೊದಲು ಮೂಗು ಮುರಿದವಳು ಗಿರೆವ್ವ. "ಬುರುಡಿ ಹಿಡಕೊಂಡು ನಿಂದರಾಕ ನಾವೇನು ಭಿಕ್ಷಾಕ ಬಂದೇವೇನು? ಕುಡಿಕ್ಯಾಗ ಕೊಡವರು ಈಗ ಬೇಕಾದಷ್ಟು ಮಂದಿ ಅದಾರ." ಅದು ನಿಜವೇ. ಬೆಂಕಿಯ ಮುಂದೆ ಆಗಲೇ ಹತ್ತು ಮನೆಯವರು ಕುಡಿಕೆ ಹಿಡಿದು ಸಾಲಾಗಿ ನಿಂತಿದ್ದರು. ಬುರುಡೆ ಬಿಡಿಸಲು ಬಾಳವ್ವನಿಗೆ ಒಂದು ದಿನ ಸಾಕಾಗಿತ್ತು. ಹಿಡಿಸಲು ಅವಳ ಇಡೀ ಆಯುಷ್ಯ ಸಾಲಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ಹಲ್ಲಿಲ್ಲದ ಎರೆವ್ವ ಕೊನೆಗೆ ಒಂದು ಚೂರನ್ನು ಇಡಿಯಾಗಿ ನುಂಗಲು ನೋಡಿದಳು. ಅದು ಗಂಟಲಲ್ಲಿ ಸಿಕ್ಕಿತು. ಹೇಗೋ ಚೂರು ಹೊರಬಿತ್ತು, ಅದರ ಜೊತೆಗೇ ದನಿಯೂ ಹೋಯಿತು. ಅವಳು ತಣ್ಣಗೆ ಮಣ್ಣಿನೊಳಗೆ ಇಳಿದಳು.

ಬಾಳವ್ವ ದಿನಾ ಸಂಜೆ ತಿಪ್ಪೆಯ ಪಕ್ಕ ಕೂತು ಊರ ಸುದ್ದಿ ಹೇಳಿದಳು. ಯಾರೂ ಹೂಂಗುಟ್ಟಲಿಲ್ಲ. "ಎರೆವ್ವಾ, ಬೈಯಾಕರೆ ಒಂದು ಮಾತು ಆಡs" ಎಂದು ಅತ್ತಳು. ಬೈಗುಳವೂ ಬರಲಿಲ್ಲ.

ಆಮೇಲೆ ಮೊದಲ ಮಳೆ ಬಿತ್ತು. ನೆನೆದ ಮಣ್ಣು ಸಡಿಲಾಯಿತು. ಎರೆವ್ವ ಮೇಲೆ ಬಂದಳು, ಹಿಂದೆ ಅವಳ ಮಕ್ಕಳು, ಮೊಮ್ಮಕ್ಕಳು. ಒಬ್ಬರಿಗೂ ಕಣ್ಣಿಲ್ಲ, ಹಲ್ಲಿಲ್ಲ, ದನಿಯಿಲ್ಲ. ಬಾಳವ್ವ ಎದ್ದು ಅವರತ್ತ ಓಡಿದಳು. ಅವರು ಅವಳ ಕಾಲನ್ನು ಸುತ್ತಿಕೊಂಡು ಮುಂದೆ ಹರಿದು, ನೆಲವನ್ನು ಮೈಯಿಂದಲೇ ಮುಟ್ಟಿ ಮುಟ್ಟಿ ನೋಡಿದರು. ಹೋದಲ್ಲೆಲ್ಲ ಗಟ್ಟಿ ಚೂರೇ ತಾಗಿತು. ತಿರುಗಿ ಹೋಗಲು ದಾರಿ ತಿಳಿಯುವ ಮೊದಲೇ ಬಿಸಿಲು ಬಂತು. ಬಾಳವ್ವ ಒಬ್ಬೊಬ್ಬರನ್ನೇ ಬೊಗಸೆಯಲ್ಲೆತ್ತಿ ಹಸಿಮಣ್ಣಿಗೆ ಬಿಟ್ಟಳು. ಎರಡು ಕೈಗೆ ಎಷ್ಟಾದೀತು?

ಈಗಲೂ ಮಳೆ ನಿಂತ ಬೆಳಿಗ್ಗೆ ಅಂಗಳದ ಕಲ್ಲಿನ ಮೇಲೆ ಎರೆಹುಳುಗಳು ತಡವರಿಸುತ್ತ ಹರಿದು, ಹೊತ್ತೇರುವಷ್ಟರಲ್ಲಿ ಒಣಗಿ ಬಿದ್ದಿರುತ್ತವಲ್ಲ ಮಗಾ, ನಾವು ಬಿಸಾಡಿದ್ದು ಇನ್ನಾದರೂ ಮುಗಿಯಿತೇ ಎಂದು ಮುಟ್ಟಿ ನೋಡಲು ಬಂದವು ಅವು.