ಜಮಖಾನಜ್ಜಿ ಸಾಕಿಕೊಂಡ ಚಿಗಟಗಳು

"ಹತ್ತಿರ ಬಾರೇ. ಯಾರ ಕಿವಿಗೂ ಬೀಳಬಾರದು, ನನ್ನಾಣೆ," ಎಂದು ಹಳೇ ಜಮಖಾನಜ್ಜಿ ದನಿ ತಗ್ಗಿಸಿ ಪಕ್ಕದ ಬೆತ್ತದ ಕುರ್ಚಿಗೆ ಹೇಳಿದಳು. "ಆ ಸೋಫಮ್ಮ ಇದ್ದಾಳಲ್ಲ, ಮೇಲೆ ಥಳಕು, ಒಳಗೆ ಹುಳುಕು. ಹೊಟ್ಟೆ ತುಂಬ ಚಿಗಟವಂತೆ!"

ಈ ಒಳಸುದ್ದಿ ತಂದವು ಸೋಫಮ್ಮನಿಂದ ಹಾರಿ ಬಂದ ಚಿಗಟಗಳೇ. ದಿನಕ್ಕೊಂದು ಗುಟ್ಟು ಹೇಳುತ್ತವಲ್ಲ ಎಂಬ ಆಸೆಗೆ ಅಜ್ಜಿ ಅವನ್ನು ತನ್ನ ಎಳೆಗಳ ನಡುವೆಯೇ ಇಟ್ಟುಕೊಂಡಿದ್ದಳು.

ಅದೇ ಮಾತನ್ನು ಪೊರಕೆಯ ಕಿವಿಗೂ ಊದಿದಳು. ಪೊರಕೆ ಮನೆಯಾಕೆ ಪುಟ್ಟಗೌರಿಗೆ ಮುಟ್ಟಿಸಿತು. ಮೊದಲೇ ಅವಳ ಕೂಸಿನ ಮೈತುಂಬ ಕೆಂಪು ಗಂದೆ ಎದ್ದಿತ್ತು. ಸಿಟ್ಟಿಗೆ ಸೋಫಮ್ಮನನ್ನು ಹಿತ್ತಲಿಗೆ ಎಳೆದು ಬೆಂಕಿ ಹಚ್ಚಿದಳು. "ಬಿಸಿಲಿಗೆ ಹಾಕಿ ನಾಲ್ಕು ಬಡಿದಿದ್ದರೆ ಸಾಕಿತ್ತಲ್ಲ ತಾಯಿ!" ಎಂದು ಸೋಫಮ್ಮ ಅತ್ತದ್ದು ಯಾರಿಗೂ ಕೇಳಲಿಲ್ಲ.

ಮಾರನೆಯ ದಿನ ಕೂಸನ್ನು ಜಮಖಾನದ ಮೇಲೆ ಮಲಗಿಸಿದರು. ಗಂದೆ ಇಮ್ಮಡಿಯಾಯಿತು, ಜ್ವರವೂ ಏರಿತು.

"ನೋಡಿದೆಯಾ, ಸತ್ತರೂ ಅವಳ ಕಾಟ ತಪ್ಪಲಿಲ್ಲ," ಎಂದಳು ಅಜ್ಜಿ.

ಕುರ್ಚಿ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ಬಾಯಿ ಮುಚ್ಚಜ್ಜಿ. ನಿನಗೆ ಸುದ್ದಿ ಬೇಕಿತ್ತು, ಆ ಚಿಗಟಗಳಿಗೆ ಜಾಗ ಬೇಕಿತ್ತು. ರಕ್ತ ಕೊಟ್ಟದ್ದು ಮಾತ್ರ ಈ ಕೂಸು."