ಪದಕ ತೊಟ್ಟ ಜಾಲಪುಟ

ಕಿವುಡ ಮಕ್ಕಳ ಶಾಲೆಯೊಂದರ ಜಾಲಪುಟ ಕನ್ನಡಿಗರಿಗೆ ಮೋಸ ಮಾಡಿತು. ತನ್ನ ಕೋಡ್‌ನಲ್ಲಿ ಒಂದೂ ತಪ್ಪಿಲ್ಲ ಎಂಬ ಪದಕವನ್ನು ಎದೆಗೆ ಸಿಕ್ಕಿಸಿಕೊಂಡು, ಕನ್ನಡವನ್ನು ಮಾತ್ರ ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಲಿಪಿಯಲ್ಲಿಡದೆ ಹಳೆಯ ಫಾಂಟ್‌ನಲ್ಲೇ ಬಿಟ್ಟಿತು. ಕಿವಿ ಕೇಳದ ಮಗಳಿಗಾಗಿ ಶಾಲೆ ಹುಡುಕುತ್ತಿದ್ದ ಮಾಳವ್ವ ಕನ್ನಡದಲ್ಲಿ ಎಷ್ಟು ಸಲ ಕೇಳಿದರೂ ಹುಡುಕುಯಂತ್ರ ಆ ಪುಟವನ್ನು ತೋರಿಸಲಿಲ್ಲ.

ಪುಟಗಳನ್ನು ಓದಿಕೊಂಡು ಹೋಗಲು ಬಂದ ಹುಡುಕುಯಂತ್ರದ ಜೇಡವನ್ನು ಪುಟ ತಡೆದು ನಿಲ್ಲಿಸಿತು. "ಏನಯ್ಯಾ ಜೇಡ, ನನ್ನ ಪದಕ ಕಾಣಲಿಲ್ಲವೇ? ನನ್ನನ್ನೇಕೆ ಮೇಲಕ್ಕೆ ಒಯ್ಯುವುದಿಲ್ಲ?"

"ಪದಕಕ್ಕೆ ನನ್ನಲ್ಲಿ ಅಂಕವಿಲ್ಲ, ಮಹಾತಾಯಿ. ನಿನ್ನ 'ಶಾಲೆ' ಜನರ ಕಣ್ಣಿಗಷ್ಟೇ ಶಾಲೆ. ನನಗೆ ಅಲ್ಲಿ ಕಾಣುವುದು ಬರೀ ಗೀಟು, ಸೊನ್ನೆ, ಕೊಕ್ಕೆ. ಕನ್ನಡವೆಲ್ಲಿದೆ?"

ಪುಟ ನಾಚಿತು. ಕೂಡಲೇ ಎಲ್ಲ ಪದಗಳನ್ನೂ ಯೂನಿಕೋಡ್‌ಗೆ ಬದಲಾಯಿಸಿಕೊಂಡಿತು. ಆ ಅವಸರದಲ್ಲಿ ಕೋಡ್‌ನ ಒಂದು ಟ್ಯಾಗ್ ಮುಚ್ಚದೆ ಉಳಿದು ತಪ್ಪಾಯಿತು, ಪದಕ ಕಳಚಿ ಬಿತ್ತು.

"ಅಯ್ಯೋ, ಮಾನ ಹೋಯಿತು!"

"ಬಾಗಿಲೇ ತೆರೆಯದಷ್ಟು ಮುರಿದಿದ್ದರೆ ನಾನೂ ಹಿಂದಿರುಗುತ್ತಿದ್ದೆ. ಅಗುಳಿ ಸಡಿಲವಾದರೆ ಏನಂತೆ? ಒಳಗೆ ಬಂದೆ, ಓದಿದೆ" ಎಂದು ಜೇಡ ಶಾಲೆಯ ಹೆಸರನ್ನು ಹೊತ್ತು ನಡೆಯಿತು.

ಮರುವಾರ ಮಾಳವ್ವ ಮತ್ತೆ ಹುಡುಕಿದಳು. ಈ ಸಲ ಶಾಲೆ ಸಿಕ್ಕಿತು. ಮಗಳ ಕೈ ಹಿಡಿದು ಬಸ್ಸು ಹತ್ತಿದಳು.

ನಿಮ್ಮ ಊರಿನಲ್ಲೂ ಶಾಲೆಯಿದೆ, ಸಂಘವಿದೆ. ಅದರ ಹೆಸರನ್ನು ಈಗಲೇ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿ. ಸಿಗದಿದ್ದರೆ ಪುಟ ನೋಡಿಕೊಳ್ಳುವವರ ಮುಂದೆ ಹೋಗಿ ಕೂತು, ಅಕ್ಷರವನ್ನು ಯೂನಿಕೋಡ್‌ಗೆ ಬದಲಾಯಿಸಿಕೊಂಡೇ ಏಳಿ.